ಭಾವನ ದಮ್ಮು, ಭಾಮೈದನ ಪಂಪು

ಜನವರಿ ೯

ಭಾಮೈದ ಮಹಾಶಯನಿಗೆ,

ನಿನ್ನ ಪಂಕ್ಚರ್ ಅಂಗಡಿ, ಅದರ ಕಂಪ್ರೆಸರ್, ಅಂಗಡಿ ಮುಂದೆ ಮಲಗುವ ಆ ಸೋಮಾರಿ ನಾಯಿ ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕ್ಷೇಮ ವಿಚಾರಿಸುವುದಿಲ್ಲ. ಪಾಪಿ ಚಿರಾಯು ಎಂದು ದೊಡ್ಡವರೇ ಹೇಳಿಬಿಟ್ಟಿದ್ದಾರೆ.

ಈ ಕಾಲದಲ್ಲಿ ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದಾನಲ್ಲ, ಭಾವನಿಗೆ ತಲೆ ಕೆಟ್ಟಿತೇ ಎನ್ನಬೇಡ. ನಿನ್ನ ಅಂಗಡಿಗೆ ಫೋನ್ ಮಾಡಿದರೆ ನಿನ್ನ ಕಂಪ್ರೆಸರ್ ಮಾತಾಡುತ್ತದೆ, ನೀನಲ್ಲ. ಮನೆಯಿಂದ ಮಾಡಿದರೆ ನಿನ್ನ ಅಕ್ಕ ಪಕ್ಕದಲ್ಲೇ ನಿಂತು "ಏನಂತೆ, ಏನಂತೆ" ಎನ್ನುತ್ತಾಳೆ. ನಾನು ನಿನಗೆ ಹೇಳುವುದೋ, ಅವಳಿಗೆ ಹೇಳುವುದೋ? ಕಾಗದವೇ ವಾಸಿ. ನೀನೂ ಮನೆಗಲ್ಲ, ನಮ್ಮ ಗಾಜಿನ ಕಾರ್ಖಾನೆಯ ವಿಳಾಸಕ್ಕೆ ಬರೆ.

ವಿಷಯ ಇಷ್ಟೇ. ನನಗೊಂದು ಪಂಪು ಬೇಕು, ಕಾಲಿನಿಂದ ತುಳಿಯುವಂಥದ್ದು. ಗಾಳಿ ಜೋರಾಗಿ ಬರಬೇಕು, ಆದರೆ ಮೆತ್ತಗೂ ಬರಬೇಕು. ಸೈಕಲ್ಲಿಗೆ. ನಿನ್ನ ಅಕ್ಕನಿಗೆ ಹೇಳಬೇಕಾದಷ್ಟು ದೊಡ್ಡ ವಿಷಯವೇನಲ್ಲ.

ಇಲ್ಲಿ ಕೆಲಸ ಜೋರು. ಹೊಸ ನಾಟಕಶಾಲೆಗೆ ನಲವತ್ತು ದೀಪದ ಬುರುಡೆ ಬೇಕಂತೆ, ಒಂದೊಂದೂ ಕುಂಬಳಕಾಯಿ ಗಾತ್ರ. ಯಂತ್ರದ್ದು ಬೇಡ, ಬಾಯಿಂದ ಊದಿದ್ದೇ ಬೇಕು ಎಂದು ಪಟ್ಟು ಹಿಡಿದಿದ್ದಾರೆ. ನಮ್ಮ ಕಾರ್ಖಾನೆಯ ಪದ್ಧತಿ ನಿನಗೆ ಗೊತ್ತಲ್ಲ. ಗಾಜಿನ ಉಂಡೆಯನ್ನು ಎಷ್ಟು ಸಲವಾದರೂ ಕಾಯಿಸು, ಎಷ್ಟು ಸಲವಾದರೂ ಊದು, ಆದರೆ ಕಡೆಯ ದಮ್ಮು ಮಾತ್ರ ಒಂದೇ ಇರಬೇಕು. ನಡುವೆ ಉಸಿರು ತೆಗೆದುಕೊಂಡರೆ ಗಾಜಿನ ಮೇಲೆ ಗೆರೆ ಬೀಳುತ್ತದೆ. ಅಷ್ಟು ದೊಡ್ಡ ಬುರುಡೆಯನ್ನು ಒಂದೇ ದಮ್ಮಿನಲ್ಲಿ ಮುಗಿಸುವವನು ಇಲ್ಲಿ ನಾನೊಬ್ಬನೇ ಎಂದು ಯಜಮಾನರು ನನ್ನನ್ನೇ ನಂಬಿ ಒಪ್ಪಿಕೊಂಡುಬಿಟ್ಟಿದ್ದಾರೆ.

ಮನೆಯಲ್ಲಿ ಇರುವೆ ಕಾಟ. ಸಕ್ಕರೆ ಡಬ್ಬಿ ತುಂಬಿಸಿದ ವಾರಕ್ಕೇ ಖಾಲಿ. ಉಳಿದಂತೆ ಎಲ್ಲ ಸರಿಯಾಗಿದೆ.

ಪಂಪು ಬೇಗ ಕಳಿಸು.

ನಿನ್ನ ಭಾವ


ಜನವರಿ ೧೭

ಭಾವನವರ ಪಾದಗಳಿಗೆ, ಅವು ಈಗ ಪಂಪು ತುಳಿಯಲಿರುವುದರಿಂದ ವಿಶೇಷವಾಗಿ,

ನಮಸ್ಕಾರ. ಪಂಪು ಕಳಿಸಿದ್ದೇನೆ. ಅಂಗಡಿಯಲ್ಲಿದ್ದವುಗಳಲ್ಲಿ ಒಳ್ಳೆಯದೇ, ಲಾರಿ ಟಯರನ್ನೂ ಎಬ್ಬಿಸುತ್ತದೆ.

ಒಂದು ಸಣ್ಣ ಸಂದೇಹ. ನಿಮ್ಮ ಹತ್ತಿರ ಸೈಕಲ್ ಇಲ್ಲ. ನಿಮ್ಮ ಮದುವೆಯಾದ ಹೊಸದರಲ್ಲಿ ನಾನೇ ಕಲಿಸಲು ಬಂದೆ, ನೀವು ನೇರವಾಗಿ ಚರಂಡಿಗೆ ಇಳಿದಿರಿ. ಎದ್ದು ಬಂದು "ನನ್ನ ಕಸುಬು ಊದೋದು ಕಣೋ, ತುಳಿಯೋದಲ್ಲ" ಎಂದಿರಿ. ಆ ಮಾತಿಗೆ ಇಷ್ಟು ವರ್ಷ ನಿಷ್ಠರಾಗಿದ್ದವರು ಈ ವಯಸ್ಸಿನಲ್ಲಿ ಸೈಕಲ್ ಹತ್ತಿದ್ದೀರೆಂದರೆ ನಂಬುವುದು ಕಷ್ಟ. ಬುರುಡೆ ಮಾಡುವುದು ನಿಮ್ಮ ಉದ್ಯೋಗ ಸರಿ, ಬುರುಡೆ ಬಿಡುವುದನ್ನೂ ಅಭ್ಯಾಸ ಮಾಡಿಕೊಂಡಿರಾ?

ಇರುವೆಗಳ ವಿಷಯ ಅಕ್ಕ ಫೋನಿನಲ್ಲಿ ಹೇಳಿದಳು. ನಿಮ್ಮ ಮನೆಯ ಇರುವೆಗಳು ಸಕ್ಕರೆ ತಿಂದ ಮೇಲೆ ಡಬ್ಬಿಯಲ್ಲಿ ಚಮಚ ಬಿಟ್ಟು ಹೋಗುತ್ತವಂತೆ. ಒಳ್ಳೆಯ ಮನೆತನದ ಇರುವೆಗಳಿರಬೇಕು. ನಾನು ಯಾರ ಹೆಸರನ್ನೂ ಹೇಳಿಲ್ಲ, ಕುಂಬಳಕಾಯಿ ಕಳ್ಳ ಎಂದರೆ ನೀವು ಹೆಗಲು ಮುಟ್ಟಿ ನೋಡಿಕೊಳ್ಳಬೇಡಿ.

ನಿಮ್ಮ ಭಾಮೈದ


ಫೆಬ್ರವರಿ ೨

ಬಾಯಿಬಡುಕ ಭಾಮೈದನಿಗೆ,

ಪಂಪು ಬಂತು. ಸೈಕಲ್ ಚೆನ್ನಾಗಿ ಓಡುತ್ತಿದೆ. ಸೈಕಲ್ ನನ್ನದಲ್ಲ, ಜೊತೆಯಲ್ಲಿ ಕೆಲಸ ಮಾಡುವ ಮೀಸೆಯದು. ಇಷ್ಟಕ್ಕೂ ನಿನಗೇಕೆ ಊರ ಉಸಾಬರಿ?

ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತೇನೆ. ಈ ಪಂಪಿನ ಗಾಳಿ ಒಂದೇ ಸಮನೆ ಬರುವಂತೆ ಮಾಡಬಹುದೇ? ಒಂದೊಂದು ಸಲ ತುಳಿದಾಗಲೂ ಒಂದೊಂದು ಉಬ್ಬು ಏಳುತ್ತದೆ. ಟಯರಿನಲ್ಲಿ. ಇನ್ನೊಂದು, ಕೊಳವೆ ಬಿಸಿಯಾಗಿದ್ದರೆ ಪಂಪಿನ ರಬ್ಬರು ಅದಕ್ಕೆ ಅಂಟಿಕೊಂಡು ನಾರುತ್ತದಲ್ಲ, ಅದಕ್ಕೇನು ಉಪಾಯ? ಇದೂ ಟಯರಿನ ವಿಷಯವೇ.

ಮೊನ್ನೆ ನಮ್ಮಲ್ಲಿ ಒಂದು ಬುರುಡೆ ಐದು ಉಬ್ಬಿನದು ಹುಟ್ಟಿತು. ಯಜಮಾನರು ಅದನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅಷ್ಟರಲ್ಲಿ ಹೂವಿನ ಅಂಗಡಿಯ ಹೆಂಗಸು ಬಂದು "ಇದು ಹೊಸ ಮಾದರಿಯಾ? ನನಗೆ ಇಂಥವೇ ಆರು ಬೇಕು" ಎಂದು ಮುಂಗಡ ಕೊಟ್ಟು ಹೋದಳು. ಯಜಮಾನರು ಬಾಯಿ ಮುಚ್ಚಿಕೊಂಡರು. ಆದರೆ ನಾಟಕಶಾಲೆಯವರು ಬಾಯಿ ಮುಚ್ಚಿಕೊಳ್ಳುವ ಜನವಲ್ಲ, ಅವರಿಗೆ ದುಂಡಗಿನದೇ ಬೇಕು.

ಸ್ವಲ್ಪ ಮರೆವು ಶುರುವಾಗಿದೆ. ಹೋದ ವಾರ ಬೆಳಿಗ್ಗೆ ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ನಿನ್ನ ಅಕ್ಕನ ಚಪ್ಪಲಿ ಹಾಕಿಕೊಂಡು ಕಾರ್ಖಾನೆಗೆ ಹೋದೆನಂತೆ. ಮೈಯೆಲ್ಲ ಬೆವರು, ಕೈ ನಡುಕ. ಯಜಮಾನರನ್ನು ಕಂಡು "ಅಮ್ಮಾ, ನೀರು ಕೊಡು" ಎಂದೆನಂತೆ. ಮೀಸೆ ನನ್ನನ್ನು ಹಿಡಿದು ಕೂರಿಸಿ ಸಕ್ಕರೆ ಜಾಸ್ತಿ ಹಾಕಿದ ಚಹಾ ಕುಡಿಸಿದ. ಎರಡೇ ನಿಮಿಷದಲ್ಲಿ ಯಜಮಾನರು ಮತ್ತೆ ಯಜಮಾನರಾಗಿಯೇ ಕಂಡರು. ಇದನ್ನೂ ನಿನ್ನ ಅಕ್ಕನಿಗೆ ಹೇಳಬೇಡ. ಅವಳ ಚಪ್ಪಲಿಯ ಪಟ್ಟಿ ಕಿತ್ತುಹೋಗಿದೆ, ನಾಯಿ ಕಚ್ಚಿತು ಎಂದಿದ್ದೇನೆ.

ನಿನ್ನ ಭಾವ


ಫೆಬ್ರವರಿ ೧೦

ಭಾವನವರಿಗೆ,

ಈ ಸಲ ತಮಾಷೆಯಿಲ್ಲ. ಚಿಕ್ಕವನಾದರೂ ಹೇಳಲೇಬೇಕಾಗಿದೆ.

ನಾನು ದೊಡ್ಡ ರಸ್ತೆಯ ಪಕ್ಕದಲ್ಲಿ ಅಂಗಡಿ ಇಟ್ಟವನು. ದಿನವೂ ಎಷ್ಟು ಲಾರಿ, ಎಷ್ಟು ಡ್ರೈವರುಗಳು. ಬೆಳಿಗ್ಗೆ ಬೆವರು, ಕೈ ನಡುಕ, ತಪ್ಪು ಚಪ್ಪಲಿ, ಮೀಸೆ ಬಂದ ಗಂಡಸಿಗೆ ಅಮ್ಮಾ ಎನ್ನುವುದು, ಹೆಂಡತಿಗೆ ಹೇಳಬೇಡ ಎನ್ನುವುದು. ಇದೆಲ್ಲ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಯಾವಾಗಿನಿಂದ ಶುರು ಮಾಡಿದಿರಿ, ಭಾವ?

ಕುಡಿತ ಒಳ್ಳೆಯದಲ್ಲ. ನಮ್ಮ ಚಿಕ್ಕಪ್ಪ ಹೀಗೆಯೇ ಮೊದಲು ಚಪ್ಪಲಿ ಮರೆತರು, ಆಮೇಲೆ ಮನೆಯನ್ನೇ ಮರೆತರು. ಚಹಾ ಕುಡಿದರೆ ಇಳಿಯುತ್ತದೆ ಎಂಬ ಮೀಸೆಯ ಮಾತು ಸುಳ್ಳು. ಆ ಮೀಸೆಯೇ ನಿಮ್ಮನ್ನು ಕೆಡಿಸಿದವನಿರಬೇಕು, ಸೈಕಲ್ ಇಟ್ಟುಕೊಂಡವರನ್ನೆಲ್ಲ ನಂಬಬಾರದು.

ಈಗಲೇ ಬಿಟ್ಟುಬಿಡಿ. ಅಕ್ಕನಿಗೆ ಹೇಳುವುದಿಲ್ಲ.

ದುಃಖದಿಂದ,
ನಿಮ್ಮ ಭಾಮೈದ


ಫೆಬ್ರವರಿ ೧೯

ಮೂರ್ಖ ಶಿಖಾಮಣಿಗೆ,

ನಾನು ಕುಡಿಯುವುದಿಲ್ಲ. ಕುಡಿದರೆ ಊದಲಾಗುವುದಿಲ್ಲ. ಈಗ ಕುಡಿಯದೆಯೇ ಊದಲಾಗುತ್ತಿಲ್ಲ.

ಇದನ್ನು ಬರೆದು ಹರಿದುಹಾಕಿದೆ, ಮತ್ತೆ ಬರೆದೆ. ನಿನ್ನ ಹತ್ತಿರವಲ್ಲದೆ ಇನ್ಯಾರ ಹತ್ತಿರ ಹೇಳಲಿ?

ನನ್ನ ಉಸಿರು ಸಾಲುತ್ತಿಲ್ಲ. ಎರಡು ವರ್ಷದಿಂದ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತ ಬಂದಿದೆ. ಮೊದಲು ವಯಸ್ಸು ಎಂದುಕೊಂಡೆ. ಆಮೇಲೆ ಕೊಳವೆ ಕಟ್ಟಿಕೊಂಡಿದೆ ಎಂದು ಕೊಳವೆ ಬದಲಾಯಿಸಿದೆ. ಆಮೇಲೆ ಗಾಜೇ ಕೆಟ್ಟಿದೆ ಎಂದು ಮರಳು ಮಾರುವವನ ಹತ್ತಿರ ಜಗಳವಾಡಿದೆ, ಪಾಪ, ಅವನು ಎರಡು ಮೂಟೆ ಪುಕ್ಕಟೆ ಕೊಟ್ಟ. ಈಗ ಮಹಡಿ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಗೋಡೆಯ ಮೇಲಿನ ಬೆಂಕಿ ಆರಿಸುವ ಸೂಚನೆ ಓದುವವನಂತೆ ನಟಿಸುತ್ತೇನೆ. ಅದು ನನಗೆ ಬಾಯಿಪಾಠವಾಗಿದೆ. ಕಾರ್ಖಾನೆಗೆ ಬೆಂಕಿ ಬಿದ್ದರೆ ಎಲ್ಲರನ್ನೂ ಕಾಪಾಡುವ ವಿಧಾನ ನನಗೊಬ್ಬನಿಗೇ ಗೊತ್ತು, ಓಡಿಹೋಗಿ ಹೇಳಲು ಮಾತ್ರ ಆಗುವುದಿಲ್ಲ.

ಪಂಪು ಯಾತಕ್ಕೆಂದು ಈಗ ಗೊತ್ತಾಯಿತಲ್ಲ. ಮೀಸೆ ಬಾಗಿಲಲ್ಲಿ ಕಾವಲು ನಿಲ್ಲುತ್ತಾನೆ, ನಾನು ತುಳಿಯುತ್ತೇನೆ. ಫೋನ್ ಬೇಡ ಎಂದದ್ದು ನಿನ್ನ ಕಂಪ್ರೆಸರಿಗಾಗಿ ಅಲ್ಲ, ನನ್ನ ಏದುಸಿರು ನಿನಗೆ ಕೇಳಬಾರದೆಂದು. ಕಾಗದದಲ್ಲಿ ಅದು ಕಾಣುವುದಿಲ್ಲ.

ನಲವತ್ತು ವರ್ಷ ಈ ಎದೆಯನ್ನು ನಂಬಿ ಅನ್ನ ತಿಂದಿದ್ದೇನೆ. ಇದು ಕೈಕೊಟ್ಟರೆ ನಾನು ಯಾವ ಕೆಲಸಕ್ಕೂ ಬಾರದವನು. ನನಗೆ ಹೆದರಿಕೆಯಾಗಿದೆ. ನಿನ್ನ ಅಕ್ಕನಿಗೆ ಮಾತ್ರ ಹೇಳಬೇಡ, ನನ್ನಾಣೆ.

ಭಾವ


ಫೆಬ್ರವರಿ ೨೬

ಭಾವ,

ಕುಡಿತದ ಮಾತಿಗೆ ಕ್ಷಮೆ ಇರಲಿ. ಮೀಸೆಯವರಿಗೂ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಟ್ಯೂಬಿನಲ್ಲಿ ಗಾಳಿ ನಿಲ್ಲುತ್ತಿಲ್ಲ ಎಂದರೆ ಎಲ್ಲೋ ತೂತಿದೆ ಎಂದೇ ಲೆಕ್ಕ. ನಾವು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತೇವೆ, ಗುಳ್ಳೆ ಎಲ್ಲಿಂದ ಬರುತ್ತದೋ ಅಲ್ಲಿ ತೂತು. ನೀವು ಸ್ನಾನ ಮಾಡುವಾಗ ಕುತ್ತಿಗೆಯವರೆಗೆ ನೀರಿನಲ್ಲಿ ಕೂತು ಉಸಿರು ಬಿಗಿಹಿಡಿದು ನೋಡಿ. ಇದನ್ನು ಬರೆದ ಮೇಲೆ ನನಗೇ ಸಂದೇಹ ಬಂತು. ಪಕ್ಕದ ಔಷಧಿ ಅಂಗಡಿಯವರನ್ನು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ "ನಿಮ್ಮ ಭಾವನ್ನ ಡಾಕ್ಟರ ಹತ್ತಿರ ಕಳಿಸಿ, ತೊಟ್ಟಿ ಹತ್ತಿರ ಅಲ್ಲ" ಎಂದರು.

ಆದ್ದರಿಂದ ಡಾಕ್ಟರ ಹತ್ತಿರ ಹೋಗಿ. ಎದೆಯ ಡಾಕ್ಟರು. ಹೋಗುವವರೆಗೆ ನಿಮಗೆ ಇನ್ನೊಂದು ಕಾಗದ ಬರೆಯುವುದಿಲ್ಲ, ಬರೆದರೆ ನಾನು ನಮ್ಮಪ್ಪನ ಮಗನೇ ಅಲ್ಲ.

ಅಕ್ಕನಿಗೆ ಹೇಳಿಲ್ಲ. ಖಂಡಿತ ಹೇಳಿಲ್ಲ. ಅವಳು ಕೇಳಿದರೂ ಹೇಳಿಲ್ಲ. ಅವಳು ಕೇಳಿಯೂ ಇಲ್ಲ.

ನಿಮ್ಮ ಭಾಮೈದ


ಮಾರ್ಚ್ ೧೫

ಭಾಮೈದನಿಗೆ,

ಹೋಗಿದ್ದೆ. ಕೆಲಸ ನಿಮಿತ್ತ ಹೊರಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿದೆ. ನಿನ್ನ ಅಕ್ಕ ಯಾವತ್ತೂ ಇಲ್ಲದ್ದು, ಏನೂ ಕೇಳದೆ ಹೊಸ ಬನಿಯನ್ನು ತೆಗೆದುಕೊಟ್ಟಳು.

ಅಲ್ಲಿ ನನಗಾದ ಅವಮಾನ ಕೇಳು. ಒಂದು ಪೆಟ್ಟಿಗೆ, ಅದಕ್ಕೊಂದು ಕೊಳವೆ. ಇಪ್ಪತ್ತು ವರ್ಷದ ಹುಡುಗಿ ನನ್ನ ಮೂಗಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದು ಸಿಕ್ಕಿಸಿ, "ಊದಿ ತಾತ" ಎಂದಳು. ಊದಿದೆ. "ಊದಿ, ಊದಿ, ಊದಿ, ಇನ್ನೂ ಊದಿ, ನಿಲ್ಲಿಸಬೇಡಿ, ಅಯ್ಯೋ ನಿಲ್ಲಿಸಿಬಿಟ್ರಾ" ಎಂದಳು. ಮೂರು ಸಲ ಹೀಗೆಯೇ. ಕಡೆಗೆ "ಊದೋದು ಹೇಗೆ ಅಂತ ನಾನು ತೋರಿಸ್ಲಾ?" ಎಂದಳು. ನನಗೆ. ಆಮೇಲೆ ಕಾಗದ ತುಂಬಿಸುವಾಗ "ನಿಮ್ಮ ಉದ್ಯೋಗ?" ಎಂದು ಕೇಳಿದಳು. ಕ್ಲಿಪ್ಪು ಇನ್ನೂ ಮೂಗಿನಲ್ಲಿತ್ತು. "ಊದೋದು" ಎಂದೆ. ಅವಳು ನಗು ತಡೆಯಲು ಪೆಟ್ಟಿಗೆಯ ಹಿಂದೆ ಬಗ್ಗಿದಳು.

ಡಾಕ್ಟರಮ್ಮ ಗಂಭೀರ ಹೆಂಗಸು, ಮಾತು ಕಡಿಮೆ. ಮೊದಲು ನನ್ನ ಬೆರಳು ನೋಡಿದರು. ತುದಿಗಳು ದುಂಡಗಾಗಿ ಊದಿವೆ, ಉಗುರು ಕಮಾನಿನಂತೆ ಬಾಗಿದೆ. ನಾನು ಅದು ಕಸುಬಿನ ಗುರುತು ಎಂದುಕೊಂಡಿದ್ದೆ. "ಎಷ್ಟು ದಿನದಿಂದ ಹೀಗೆ?" ಎಂದರು. ಆಮೇಲೆ ರಕ್ತ ತೆಗೆದರು, ಎಕ್ಸ್‌ರೇ, ಅದರ ಮೇಲೆ ಸ್ಕ್ಯಾನು. ಬಲಗಡೆ ಎದೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಬೆಳ್ಳಗೆ ಕಂಡಿತು. ಶ್ವಾಸಕೋಶದ ಒಳಗಲ್ಲ, ಅದನ್ನು ಸುತ್ತಿರುವ ತೆಳ್ಳನೆ ಪೊರೆಯಲ್ಲಿ ಏನೋ ಬೆಳೆದಿದೆ. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ.

ಇನ್ನೊಂದು ಕೇಳಿದರು. "ನಿಮ್ಮ ಕಾರ್ಖಾನೆಯಲ್ಲಿ ಕಲ್ನಾರಿನ, ಅಂದ್ರೆ ಆಸ್ಬೆಸ್ಟಾಸಿನ ಕೈಗವಸು, ಹಲಗೆ ಬಳಸ್ತಾ ಇದ್ರಾ?" ಇದ್ದವು, ಮೊದಲು ಎಲ್ಲ ಅವೇ. ಕುಲುಮೆಯ ಮುಂದೆ ಅವುಗಳನ್ನು ಕೊಡವಿದರೆ ಹಿಟ್ಟಿನಂತೆ ಧೂಳು ಏಳುತ್ತಿತ್ತು, ನಾವು ಅದರಲ್ಲೇ ಕೂತು ಊಟ ಮಾಡುತ್ತಿದ್ದೆವು. ಆ ಧೂಳಿನಿಂದ ಇದೇ ಪೊರೆಗೆ ಒಂದು ಕೆಟ್ಟ ಗಡ್ಡೆ ಬರುತ್ತದಂತೆ, ಮೂವತ್ತು ನಲವತ್ತು ವರ್ಷ ಕಾದು ಬರುತ್ತದಂತೆ. ಅದೇ ಆಗಿದ್ದರೆ ಏನು ಎಂದು ಕೇಳಿದೆ. "ಫಲಿತಾಂಶ ಬರಲಿ, ಆಮೇಲೆ ಮಾತಾಡೋಣ" ಎಂದರು. ಮಾತು ಕಡಿಮೆಯಿರುವವರು ಅದನ್ನು ಎಷ್ಟು ಮೆಲ್ಲಗೆ ಹೇಳಿದರೆಂದರೆ ನನಗೆ ಉತ್ತರ ಸಿಕ್ಕಿದಂತಾಯಿತು.

ಯಜಮಾನರಿಗೆ ಇಷ್ಟು ಹೇಳಿದ್ದೇ ತಡ, ಗೋದಾಮಿನಲ್ಲಿ ಉಳಿದಿದ್ದ ಹಳೆಯ ಹಲಗೆಗಳ ಹತ್ತಿರ ಯಾರೂ ಸುಳಿಯದಂತೆ ಬೀಗ ಹಾಕಿಸಿ, ತೆಗೆದುಕೊಂಡು ಹೋಗುವವರಿಗೆ ಫೋನ್ ಮಾಡಿದರು. ಆಮೇಲೆ ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತ ಕೂತರು.

ಹತ್ತೊಂಬತ್ತು ಬುರುಡೆ ಮುಗಿದಿವೆ. ಸಂಜೆ ಮನೆಗೆ ಹೋದರೆ ನಿನ್ನ ಅಕ್ಕ ಕಿಟಕಿಯ ಪರದೆ ಹೊಲಿಯುತ್ತಿರುತ್ತಾಳೆ. ಎದುರಿಗೆ ಕೂತು ಸುಮ್ಮನೆ ನೋಡುತ್ತೇನೆ. "ಏನ್ರೀ ಹಾಗ್ ನೋಡ್ತೀರಿ?" ಎನ್ನುತ್ತಾಳೆ. "ದಾರ ಸರಿಯಾಗಿ ಹೋಗ್ತಾ ಇದೆಯಾ ಅಂತ" ಎನ್ನುತ್ತೇನೆ.

ಭಾವ


ಮಾರ್ಚ್ ೨೧

ಭಾವ,

ಎರಡು ದಿನದಿಂದ ತಮಾಷೆಗೆ ಹುಡುಕುತ್ತಿದ್ದೇನೆ, ಒಂದೂ ಸಿಗುತ್ತಿಲ್ಲ.

ನಿನ್ನೆ ಒಬ್ಬರ ಟ್ಯೂಬಿಗೆ ತೂತಿಲ್ಲದ ಕಡೆ ಪ್ಯಾಚ್ ಹಾಕಿ ಕಳಿಸಿದೆ. ಅವರು ಅರ್ಧ ದಾರಿಯಿಂದ ಗಾಡಿ ತಳ್ಳಿಕೊಂಡು ವಾಪಸು ಬಂದರು. ಬೈಯಲಿ ಎಂದು ಕಾದೆ. ನನ್ನ ಮುಖ ನೋಡಿ ಬೈಯದೆ ನೀರು ಕೊಟ್ಟರು.

ನೀವು ನನಗೆ ಭಾವ ಆಗುವ ಮೊದಲು ನನಗೆ ಅಣ್ಣ ಇರಲಿಲ್ಲ. ಆಮೇಲೆ ಅದು ಕೊರತೆ ಎನ್ನಿಸಿಲ್ಲ.

ಫಲಿತಾಂಶ ಬಂದ ಕೂಡಲೇ ಬರೆಯಿರಿ.

ನಿಮ್ಮ ಭಾಮೈದ


ಏಪ್ರಿಲ್ ೪

ಪ್ರೀತಿಯ ಭಾಮೈದ,

ಮೊದಲು ಕೂತುಕೋ. ಕೆಟ್ಟದ್ದಲ್ಲ. ಕಲ್ನಾರಿನದಲ್ಲ.

ಇದು ಆ ಪೊರೆಗೇ ಬರುವ ಇನ್ನೊಂದು ಜಾತಿಯ ಗಡ್ಡೆಯಂತೆ, ನಾರಿನಂಥದ್ದು, ಒಂಟಿಯಾಗಿ ಬೆಳೆಯುವಂಥದ್ದು. ಹೆಚ್ಚಿನ ಸಲ ಸಾಧು ಸ್ವಭಾವದ್ದು, ಬೇರೆಲ್ಲೂ ಹರಡುವುದಿಲ್ಲ. ಆದರೆ ತುಂಬಾ ಅಪರೂಪ. ಡಾಕ್ಟರಮ್ಮ ತಮ್ಮ ಇಷ್ಟು ವರ್ಷದ ಕೆಲಸದಲ್ಲಿ ಮೂರೇ ಮೂರು ನೋಡಿದ್ದಾರಂತೆ. ನನ್ನ ಸ್ಕ್ಯಾನು ನೋಡಲು ಬೇರೆ ಬೇರೆ ಕೋಣೆಗಳಿಂದ ಡಾಕ್ಟರುಗಳು ಬಂದರು. ನಮ್ಮ ವಂಶದಲ್ಲಿ ಅಪರೂಪದ್ದು ಎಂದು ಯಾರೂ ಏನನ್ನೂ ನೋಡಲು ಬಂದದ್ದಿಲ್ಲ. ಎದೆ ಉಬ್ಬಿಸಿ ನಿಲ್ಲೋಣವೆಂದರೆ ಅದೊಂದೇ ಆಗುವುದಿಲ್ಲ.

ನಿನ್ನ ಭಾಷೆಯಲ್ಲಿ ಹೇಳುತ್ತೇನೆ. ಪಕ್ಕೆಲುಬು ಟಯರು, ಶ್ವಾಸಕೋಶ ಟ್ಯೂಬು. ಟ್ಯೂಬಿನಲ್ಲಿ ತೂತೂ ಇಲ್ಲ, ಏನೂ ಇಲ್ಲ. ಎರಡರ ನಡುವೆ ಸಣ್ಣ ಕಲ್ಲಂಗಡಿಯಷ್ಟು ದೊಡ್ಡದೊಂದು ಸೇರಿಕೊಂಡು ಟ್ಯೂಬು ಹಿಗ್ಗಲು ಜಾಗ ಬಿಡುತ್ತಿಲ್ಲ. ಪೊರೆಯಿಂದ ಒಂದು ತೊಟ್ಟು ಬಂದಿದೆ, ಅದರಲ್ಲಿ ತೂಗುತ್ತಿದೆ. ಇನ್ನೂ ಇದೆ ಕೇಳು. ನಮ್ಮ ಮನೆಯ ಸಕ್ಕರೆ ತಿಂದ ಇರುವೆ ಅದೇ. ಅದು ರಕ್ತಕ್ಕೆ ಏನನ್ನೋ ಬಿಡುತ್ತದಂತೆ, ಅದರಿಂದ ಮೈಯಲ್ಲಿರುವ ಸಕ್ಕರೆಯೆಲ್ಲ ಇಳಿದುಹೋಗುತ್ತದಂತೆ. ಬೆವರು, ನಡುಕ, ಯಜಮಾನರು ಅಮ್ಮನಂತೆ ಕಂಡದ್ದು ಎಲ್ಲ ಅದರಿಂದಲೇ. ಈ ಗಡ್ಡೆ ಬಂದವರಲ್ಲೂ ಹೀಗಾಗುವುದು ಕೆಲವರಿಗೆ ಮಾತ್ರ. ಕೇಳದೆ ಬಂದು ಸೇರಿಕೊಂಡು, ಬಾಡಿಗೆ ಕೊಡದೆ, ಮನೆಯ ಸಕ್ಕರೆಯನ್ನೆಲ್ಲ ತಿಂದು ಹಾಕಿ, ಮನೆ ಯಜಮಾನನಿಗೇ ಜಾಗ ಇಲ್ಲದಂತೆ ಮಾಡುವುದು. ನನಗೆ ಒಬ್ಬ ಭಾಮೈದ ಸಾಲದೆಂದು ಇನ್ನೊಬ್ಬ ಬಂದು ಎದೆಯೊಳಗೆ ಕೂತಿದ್ದಾನೆ.

ಎದೆ ತೆರೆದು ಅದನ್ನು ತೆಗೆಯಬೇಕು. ತೊಟ್ಟು ಶ್ವಾಸಕೋಶಕ್ಕೆ ಎಷ್ಟು ಗಟ್ಟಿಯಾಗಿ ಹಿಡಿದಿದೆ ಎಂದು ತೆರೆದ ಮೇಲೆಯೇ ಗೊತ್ತಾಗುವುದು. ಸ್ವಲ್ಪ ಶ್ವಾಸಕೋಶವೂ ಹೋಗಬಹುದು, ಜಾಸ್ತಿಯೂ ಹೋಗಬಹುದು. "ಆಮೇಲೆ ಊದಬಹುದಾ?" ಎಂದು ಕೇಳಿದೆ. "ಮೊದಲು ಉಸಿರಾಡೋಣ" ಎಂದರು.

ಅದಕ್ಕೇ ಯೋಚನೆ ಮಾಡಿದ್ದೇನೆ. ಇನ್ನು ಹದಿನಾಲ್ಕು ಬುರುಡೆ ಬಾಕಿ. ಮಧ್ಯಾಹ್ನಕ್ಕೊಂದು, ದಿನ ಬಿಟ್ಟು ದಿನ, ಸಕ್ಕರೆ ತಿಂದು, ನಿನ್ನ ಪಂಪಿನ ಸಹಾಯದಿಂದ ಹೇಗೋ ಮುಗಿಸುತ್ತೇನೆ. ಆಮೇಲೆ ಆಸ್ಪತ್ರೆ. ನಾಳೆ ನಾನು ಊದಲಾರದವನಾದರೆ ಆ ನಲವತ್ತಾದರೂ ನನ್ನವು ಎಂದು ಇರಲಿ.

ನಿನ್ನ ಭಾವ


ಏಪ್ರಿಲ್ ೯

ಭಾವ,

ಮೊದಲನೆಯದಾಗಿ, ಎದೆಯೊಳಗಿನ ಭಾಮೈದನಿಗೂ ನನಗೂ ಸಂಬಂಧವಿಲ್ಲ. ನಾನು ನಿಮ್ಮ ಮನೆಗೆ ಬಂದಾಗಲೆಲ್ಲ ಸಕ್ಕರೆ ಇಲ್ಲದ ಚಹಾವನ್ನೇ ಕುಡಿದಿದ್ದೇನೆ.

ಉಳಿದದ್ದಕ್ಕೆ ಕೋಪ ಬಂದಿದೆ, ಅಳುವೂ ಬಂದಿದೆ, ಯಾವುದನ್ನು ಮೊದಲು ಬರೆಯಲಿ ಎಂದು ಗೊತ್ತಾಗುತ್ತಿಲ್ಲ. ಹದಿನಾಲ್ಕು ಬುರುಡೆಗಾಗಿ ಕುಲುಮೆಯ ಮುಂದೆ ಸಕ್ಕರೆ ಇಳಿದು ಬಿದ್ದರೆ ಏನು ಮಾಡುತ್ತೀರಿ? ನಾಟಕಶಾಲೆಯವರು ನಿಮ್ಮ ಹೆಸರಿನಲ್ಲಿ ಒಂದು ನಾಟಕ ಆಡುತ್ತಾರೆಯೇ? ಕತ್ತಲಲ್ಲಿ ಕೂತು ನೋಡಲಿ ಬಿಡಿ, ನಾಟಕ ನೋಡುವಾಗ ಹೇಗೂ ದೀಪ ಆರಿಸುತ್ತಾರೆ.

ಟಯರಿನೊಳಗೆ ಕಲ್ಲು ಇಟ್ಟುಕೊಂಡು ಇನ್ನು ಹದಿನಾಲ್ಕು ಮೈಲಿ ಓಡಿಸುತ್ತೇನೆ ಎಂದು ಯಾರಾದರೂ ನನ್ನ ಅಂಗಡಿಗೆ ಬಂದರೆ ನಾನು ಗಾಡಿಯ ಕೀಲಿ ಕಿತ್ತಿಟ್ಟುಕೊಳ್ಳುತ್ತೇನೆ. ತಾನು ಬದುಕಿದರೆ ತಾನೇ ಜಗತ್ತು?

ಇಪ್ಪತ್ತನೇ ತಾರೀಖಿನೊಳಗೆ ಆಸ್ಪತ್ರೆಗೆ ಸೇರದಿದ್ದರೆ ಅಂಗಡಿಗೆ ಬೀಗ ಹಾಕಿ ಬಂದು ನಿಮ್ಮ ಕುಲುಮೆಯ ಮುಂದೆಯೇ ಮಲಗುತ್ತೇನೆ. ಅಕ್ಕನಿಗೂ ಹೇಳುತ್ತೇನೆ. ಇಷ್ಟು ದಿನ ಹೇಳಿಲ್ಲ, ಇನ್ನು ಹೇಳುತ್ತೇನೆ.

ಭಾಮೈದ


ಏಪ್ರಿಲ್ ೨೭

ಪ್ರೀತಿಯ ತಮ್ಮನಿಗೆ,

ನಿಮ್ಮಿಬ್ಬರ ಕಾಗದದ ಹುಚ್ಚು ನನಗೂ ಹಿಡಿಯಿತು. ಫೋನಿನಲ್ಲಿ ನಿನ್ನ ಧ್ವನಿ ಕೇಳಿದರೆ ಅಳುತ್ತೇನೆ, ಈ ಆಸ್ಪತ್ರೆಯ ಬೆಂಚಿನ ಮೇಲೆ ಅಳುವವರು ಸಾಕಷ್ಟು ಇದ್ದಾರೆ. ಅದಕ್ಕೇ ನಿನ್ನೆ ಫೋನಿನಲ್ಲಿ "ಆಯ್ತು, ಚೆನ್ನಾಗಿದ್ದಾರೆ" ಎಂದಷ್ಟೇ ಹೇಳಿ ಇಟ್ಟೆ.

ಗಡ್ಡೆ ಪೂರ್ತಿ ಬಂತು. ತೊಟ್ಟಿನ ಜೊತೆ ಶ್ವಾಸಕೋಶದ ಒಂದು ಅಂಚು ಮಾತ್ರ ಹೋಗಿದೆ, ಉಳಿದದ್ದೆಲ್ಲ ಇದೆ. ತೆಗೆದ ಕೂಡಲೇ ಒತ್ತಿ ಕೂತಿದ್ದ ಶ್ವಾಸಕೋಶ ತಾನಾಗಿಯೇ ಹಿಗ್ಗಿತಂತೆ, ಅದನ್ನು ಹೇಳುವಾಗ ಆ ಗಂಭೀರ ಡಾಕ್ಟರಮ್ಮ ಕೈಯಲ್ಲಿ ಮಾಡಿ ತೋರಿಸಿದರು. ಸಕ್ಕರೆಯೂ ಅವತ್ತೇ ಸರಿಯಾಯಿತು. ಇದು ವರ್ಷಗಟ್ಟಲೆ ಆದ ಮೇಲೂ ಮತ್ತೆ ಚಿಗುರಬಹುದಂತೆ, ಅದಕ್ಕೇ ತಪ್ಪದೆ ಬಂದು ತೋರಿಸುತ್ತಿರಬೇಕು. ನಾನು ಕರೆದುಕೊಂಡು ಬರುತ್ತೇನೆ, 'ಕೆಲಸ ನಿಮಿತ್ತ'.

ನೀನು ನನಗೆ ಏನೂ ಹೇಳಲಿಲ್ಲ ಎಂದು ಅವರು ಇನ್ನೂ ನಂಬಿದ್ದಾರೆ. ಫೆಬ್ರವರಿಯಲ್ಲಿ ಅವರ ಕಾಗದ ಬಂದ ಸಂಜೆಯೇ ನೀನು ಫೋನ್ ಮಾಡಿ, "ಅಕ್ಕ, ನಾನು ನಿನಗೆ ಏನೂ ಹೇಳಿಲ್ಲ" ಎಂದು ಶುರು ಮಾಡಿ ಒಂದು ಗಂಟೆ ಹೇಳಿದ್ದನ್ನು ನಾನೂ ಬಾಯಿಬಿಟ್ಟಿಲ್ಲ. ಅದಕ್ಕೂ ಮೊದಲು ನನಗೆ ಗೊತ್ತಿರಲಿಲ್ಲ ಎಂದುಕೊಂಡೆಯಾ? ಪಕ್ಕದಲ್ಲಿ ಮಲಗುವವಳಿಗೆ ಎಕ್ಸ್‌ರೇ ಬೇಕೇನೋ? ಎರಡು ವರ್ಷದಿಂದ ಅವರ ಉಸಿರು ಕೇಳುತ್ತ ಮಲಗಿದ್ದೇನೆ. ಕೇಳಿದರೆ ಸುಳ್ಳು ಹೇಳುತ್ತಾರೆ, ಸುಳ್ಳು ಹೇಳಲೂ ಅವರಿಗೆ ಉಸಿರು ಬೇಕಲ್ಲ ಎಂದು ಕೇಳಲಿಲ್ಲ. ಸಕ್ಕರೆ ಡಬ್ಬಿಯನ್ನು ಕೈಗೆ ಸಿಗುವ ಕಡೆಯೇ ಇಡುತ್ತಿದ್ದೆ.

ಕಡೆಗೆ ನಾನೇ ಅವರ ಬ್ಯಾಗ್ ತುಂಬಿಸಿ ಬಾಗಿಲಲ್ಲಿ ಇಟ್ಟೆ. "ಎಲ್ಲಿಗೆ?" ಎಂದರು. "ಆಸ್ಪತ್ರೆಗೆ" ಎಂದೆ. "ನಿನಗೆ ಯಾರು ಹೇಳಿದ್ದು?" ಎಂದರು. "ಯಾರು ಹೇಳಿಲ್ಲ ಅಂತ ಕೇಳಿ" ಎಂದೆ. ಮೀಸೆಯವರು ಬಂದು ಹೇಳಿದ್ದರು, ಯಜಮಾನರು ಬಂದು ಹೇಳಿದ್ದರು, ಮರಳು ಮಾರುವವನೂ ಬಂದಿದ್ದ. ಉಳಿದ ಬುರುಡೆಗಳನ್ನು ಮೀಸೆಯವರು ಊದುತ್ತಿದ್ದಾರೆ, ಒಂದೊಂದರ ಮೇಲೂ ಗೆರೆ ಇದೆ. ನಿನ್ನ ಭಾವನಿಗೆ ಹೇಳಬೇಡ, ನಿಜವಾಗಿ ಹೇಳಬೇಡ.

ಅವರ ಪಕ್ಕೆಯಿಂದ ಒಂದು ಕೊಳವೆ ಹೊರಗೆ ಬಂದಿದೆ. ಅದರ ತುದಿ ಮಂಚದ ಕೆಳಗಿನ ಬಾಟಲಿಯ ನೀರಿನಲ್ಲಿ ಮುಳುಗಿದೆ. ನರ್ಸು ಗಂಟೆಗೊಮ್ಮೆ ಬಂದು ಕೆಮ್ಮಿಸಿ, ನೀರಿನಲ್ಲಿ ಗುಳ್ಳೆ ಬರುತ್ತದೆಯೇ ಎಂದು ಬಗ್ಗಿ ನೋಡುತ್ತಾರೆ. ಬಂದರೆ ಇನ್ನೂ ಎಲ್ಲೋ ಗಾಳಿ ಸೋರುತ್ತಿದೆ ಎಂದು ಅರ್ಥವಂತೆ. ಪ್ರಜ್ಞೆ ಬಂದು ಅದನ್ನು ನೋಡಿದ ಇವರು ಆಡಿದ ಮೊದಲ ಮಾತು, "ಆ ಮೂರ್ಖ ಹೇಳಿದ್ದ" ಎಂದು. ನರ್ಸು ಭ್ರಮೆ ಎಂದು ಬರೆದುಕೊಂಡರು.

ನೀನು ಈಗ ಬರಬೇಡ. ನಿನ್ನ ಮುಂದೆ ಧೈರ್ಯ ತೋರಿಸಲು ಹೋಗಿ ಇರುವ ಉಸಿರೆಲ್ಲ ಖರ್ಚು ಮಾಡುತ್ತಾರೆ. ಮನೆಗೆ ಬಂದ ಮೇಲೆ ಬಾ.

ಅಕ್ಕ


ಮೇ ೨

ಅಕ್ಕ,

ಗುಳ್ಳೆ ನಿಂತವಾ? ನಿಂತ ಕೂಡಲೇ ತಿಳಿಸು. ಔಷಧಿ ಅಂಗಡಿಯವರಿಗೆ ನಿನ್ನ ಕಾಗದ ಓದಿ ಹೇಳಿದೆ. ಅವರು ನನಗೆ ಒಂದು ಕುರ್ಚಿ ಕೊಟ್ಟರು.

ತಮ್ಮ


ಜೂನ್ ೨೮

ಭಾಮೈದನಿಗೆ,

ನೀನು ಬಂದು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ನಿನ್ನ ಗೊರಕೆಗೆ ಹೆದರಿ ಓಡಿಹೋಗಿದ್ದ ಬೆಕ್ಕು ಮಾತ್ರ ವಾಪಸು ಬಂದಿದೆ.

ನಿನ್ನೆಯ ಸಮಾಚಾರ ಹೇಳುತ್ತೇನೆ. ಡಾಕ್ಟರಮ್ಮ ಕಾರ್ಖಾನೆಗೆ ಹೋಗಿ ಕೂತು ಬರಬಹುದು, ಆದರೆ ಮುಂದಿನ ಸಲ ನೋಡುವವರೆಗೆ ಊದಬಾರದು ಎಂದಿದ್ದರು. ಹೋಗಿ ಕೂತೆ. ಸ್ವಲ್ಪ ಹೊತ್ತು ಕೂತೇ ಇದ್ದೆ. ಮೀಸೆ ಕೊಳವೆಯ ತುದಿಗೆ ಉಂಡೆ ಹಿಡಿದು ಕಡೆಯ ದಮ್ಮಿಗೆ ತಯಾರಾಗಿದ್ದ. ಅವನು ಬೆವರು ಒರೆಸಿಕೊಳ್ಳಲು ಕೊಳವೆಯಿಂದ ಬಾಯಿ ತೆಗೆದದ್ದೇ ನಾನು ಅದನ್ನು ಕಸಿದುಕೊಂಡೆ.

ಎರಡು ವರ್ಷ ಇಲ್ಲದ ಉಸಿರಿಗೆ ಹೊಂದಿಕೊಂಡು ಊದಿದವನು ನಾನು, ಇರುವ ಬಲವನ್ನೆಲ್ಲ ಒಟ್ಟು ಮಾಡಿ ನೂಕುವುದೇ ಅಭ್ಯಾಸ. ಹಾಗೆಯೇ ನೂಕಿದೆ. ಬುರುಡೆ ಎದ್ದಿತು, ಇನ್ನೂ ಎದ್ದಿತು, ಸೋಪಿನ ಗುಳ್ಳೆಯಷ್ಟು ತೆಳ್ಳಗಾಯಿತು, ಢಬ್ ಎಂದಿತು. ಒಡೆದ ಒಂದೊಂದು ಗಾಜಿಗೂ ಲೆಕ್ಕ ಕೇಳುವ ಯಜಮಾನರು ತಾವೇ ಪೊರಕೆ ತಂದು ಗುಡಿಸಿದರು. ಗುಡಿಸುತ್ತ ಗುಡಿಸುತ್ತ ಕಣ್ಣು ಒರೆಸಿಕೊಂಡರು, ಗಾಜಿನ ಧೂಳು ಎಂದರು.

ಸಂಜೆ ಮನೆಗೆ ಹೋಗುವಷ್ಟರಲ್ಲಿ ಮೀಸೆಯ ಫೋನ್ ಹೋಗಿತ್ತು. ನಿನ್ನ ಅಕ್ಕ ಅಡುಗೆಮನೆಯ ಬಾಗಿಲಲ್ಲೇ ಶುರು ಮಾಡಿದಳು. ಹೊಲಿಗೆ ಇನ್ನೂ ಹಸಿ, ಡಾಕ್ಟರ ಮಾತಿಗೆ ಬೆಲೆಯಿಲ್ಲ, ನಾನು ಸತ್ತರೂ ನಿಮಗೆ ಬುದ್ಧಿ ಬರುವುದಿಲ್ಲ. ನನಗೂ ರೇಗಿತು. ನಾನು ಅಂದದ್ದನ್ನು ಅಂದ ಹಾಗೆಯೇ ಬರೆಯುತ್ತೇನೆ.

"ನೋಡು ಬೆಳಿಗ್ಗೆ ಎದ್ದರೆ ಕಿಟಕಿ ಹಾಕು ಗಾಳಿ ಬರುತ್ತೆ ಅಂತೀಯ ಕಿಟಕಿ ಹಾಕಿದರೆ ತೆಗಿ ಗಾಳಿ ಬೇಕು ಅಂತೀಯ ಸ್ನಾನಕ್ಕೆ ಹೋದರೆ ಬಾಗಿಲು ಬಡೀತೀಯ ಮೆಟ್ಟಿಲು ಹತ್ತಿದರೆ ಹಿಂದೆ ಕೈ ಚಾಚಿಕೊಂಡು ಬರ್ತೀಯ ನಾನೇನು ಬೀಳೋಕೆ ಗೋಡೆಯಾ ನನ್ನ ಅಂಗಿ ಗುಂಡಿ ನಾನು ಹಾಕ್ಕೊಳ್ಳೋ ಹಾಗಿಲ್ಲ ನನ್ನ ಲೋಟ ನಾನು ಎತ್ತೋ ಹಾಗಿಲ್ಲ ಎದುರುಮನೆಯವರು ಹೇಗಿದ್ದೀರಿ ಅಂದರೆ ನನ್ನ ಬದಲು ನೀನು ಚೆನ್ನಾಗಿದ್ದಾರೆ ಅಂತೀಯ ನಾನು ಚೆನ್ನಾಗಿದ್ದರೆ ಚೆನ್ನಾಗಿದ್ದೀನಿ ಅಂತ ಹೇಳೋಕೆ ನನಗೆ ಬಾಯಿಲ್ಲವಾ ಒಂದು ಬುರುಡೆ ಊದಿದ್ದಕ್ಕೆ ಊರಿಗೆಲ್ಲ ಟಾಂ ಟಾಂ ಮಾಡ್ತೀಯಲ್ಲ ಊದೋದು ಬಿಟ್ಟು ನಾನು ಇನ್ನೇನು ಮಾಡಲಿ ಈ ಮನೆಯಲ್ಲಿ ಕೂತು ನಿನ್ನ ಪರದೆಗೆ ದಾರ ಪೋಣಿಸಲಾ ಅಂತ ಕೇಳ್ತಾ ಇದ್ದೀನಿ."

ಅವಳು ತಿರುಗಿ ಜಗಳವಾಡುವ ಬದಲು ಬಾಗಿಲಿಗೆ ಒರಗಿ ನನ್ನ ಎದೆಯನ್ನೇ ನೋಡಿದಳು. ಮದುವೆಯಾದಾಗಿನಿಂದ ಹೀಗಾದದ್ದಿಲ್ಲ. ಮಾತು ಜಾಸ್ತಿಯಾಯಿತೇನೋ, ನೊಂದುಕೊಂಡಳೇನೋ ಎಂದು ನನಗೇ ಹೆದರಿಕೆಯಾಯಿತು.

"ಮುಗೀತಾ?" ಎಂದಳು.

"ಇಲ್ಲ, ಇನ್ನೂ ಇದೆ" ಎಂದೆ, ಸೋಲಬಾರದಲ್ಲ.

ಅವಳು ಹೋಗಿ ಒಲೆ ಆರಿಸಿದಳು. ಸ್ಟೂಲು ಎಳೆದುಕೊಂಡು ನನ್ನ ಎದುರಿಗೆ ಕೂತಳು, ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು.

"ಹೇಳಿ" ಎಂದಳು. "ಎರಡು ವರ್ಷ ಆಯ್ತು, ನೀವು ನಡುವೆ ಉಸಿರಿಗೆ ನಿಲ್ಲದೆ ನನ್ನ ಒಂದ್ಸಲ ಪೂರ್ತಿ ಬೈದು."

ನನ್ನ ಹತ್ತಿರ ಬೈಯಲು ಏನೂ ಉಳಿದಿರಲಿಲ್ಲ. ಆದರೂ ಬೈದೆ.

ನಿನ್ನ ಭಾವ